ಎಡಕ್ಕೆ ಸುತ್ತುವ ಜಪಾನಿ ಕುಣಿತ

ನಮ್ಮ ಸಣ್ಣಮಾವನವರು ಜಪಾನ್ ದೇಶವನ್ನು ಉಳ್ಳಾಗಡ್ಡಿ ಹೆಚ್ಚಿ ಗೆದ್ದವರು. ಬಂದೂಕು ಹಿಡಿದವರಲ್ಲ, ಸೌಟು ಹಿಡಿದವರು. ಯುದ್ಧ ಮುಗಿದ ಮೇಲೆ ಆ ದೇಶಕ್ಕೆ ಕಾವಲಿಗೆಂದು ಹೋದ ಪಲ್ಟನ್ನಿನಲ್ಲಿ ಅಡುಗೆಯವರಾಗಿದ್ದರು, ಅಷ್ಟೇ. ಆದರೆ ನಲವತ್ತೇಳರಲ್ಲಿ ಹುಮನಾಬಾದಿಗೆ ತಿರುಗಿ ಬಂದಾಗಿನ ಗತ್ತು ನೋಡಬೇಕಿತ್ತು! ಮೈಮೇಲೆ ಒಂದು ಗುಂಡಿಯೂ ಇಲ್ಲದ ನೀಲಿ ನಿಲುವಂಗಿ, ಸೊಂಟಕ್ಕೆ ಬಿಗಿದ ಬಟ್ಟೆಯ ಪಟ್ಟಿ, ಕೈಯಲ್ಲಿ ಕಾಗದದ ಬೀಸಣಿಗೆ, ಕಾಲಲ್ಲಿ ಕಟಕಟ ಎನ್ನುವ ಮರದ ಚಪ್ಪಲಿ. ಆ ಮರದ ಚಪ್ಪಲಿಯನ್ನು ಪಾದುಕೆ ಎಂದುಕೊಂಡ ಇಬ್ಬರು ಮುದುಕಿಯರು, ಯಾವುದೋ ಸ್ವಾಮಿಗಳು ಬಂದರೆಂದು ಬಸ್ಸಿನ ಹತ್ತಿರವೇ ಕಾಲಿಗೆ ಬಿದ್ದರು. ಇವರು ತಡೆದರೇ? ಎಲ್ಲಿಯ ಮಾತು! ಇಬ್ಬರಿಗೂ ಆಶೀರ್ವಾದ ಮಾಡಿ, ಒಬ್ಬಾಕೆಯ ಸೊಸೆಗೆ ಗಂಡುಮಗು ಆಗುತ್ತದೆಂದೂ ಹೇಳಿ ಮನೆಗೆ ಬಂದರು. ಆಯಿತು ಕೂಡ. ಆಮೇಲೆ ಆಕೆ ಪ್ರತಿ ಸೋಮವಾರ ತೆಂಗಿನಕಾಯಿ ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದಳು.

ನಾನಾಗ ಕೊಡಂಬಲದಿಂದ ಮದುವೆಯಾಗಿ ಬಂದು ಆರು ತಿಂಗಳಾದ ಸೊಸೆ. ಸಣ್ಣಮಾವನೆಂದರೆ ನನ್ನ ಮಾವನ ತಮ್ಮ. ನನ್ನ ಅತ್ತೆಯ ಸ್ವಂತ ತಂಗಿಯನ್ನೇ ಅವರಿಗೆ ಕೊಟ್ಟು ಮದುವೆ ಮಾಡಿದ್ದರು. ಅವರು ಜಪಾನಿನಲ್ಲಿದ್ದಾಗಲೇ ಆ ತಂಗಿ ಜ್ವರ ಬಂದು ತೀರಿಹೋಗಿದ್ದಳು. ಒಂದು ವರ್ಷದ ಮೇಲೆ ಬಂದ ಸಣ್ಣಮಾವ ಒಂದು ಹನಿ ಕಣ್ಣೀರು ಹಾಕಲಿಲ್ಲ. ಮರುದಿನ ಬೆಳಿಗ್ಗೆ ಎದ್ದವರೇ ಅಂಗಳದಲ್ಲಿ ಕುಣಿಯಲು ನಿಂತರು. ಅತ್ತೆ ಅಂದೇ ಅವರೊಂದಿಗೆ ಮಾತು ಬಿಟ್ಟರು.

ಮಾತು ಬಿಟ್ಟರೆಂದರೆ ಮನೆಯಲ್ಲಿ ಮಾತು ಕಡಿಮೆಯಾಯಿತೆಂದು ತಿಳಿಯಬೇಡಿ. ಎರಡರಷ್ಟಾಯಿತು, ಅದೂ ಎಲ್ಲ ನನ್ನ ಮೂಲಕ. ಇಬ್ಬರೂ ಒಂದೇ ಪಡಸಾಲೆಯಲ್ಲಿ, ನಡುವೆ ನಾನು.

"ರೊಟ್ಟಿ ಆರಾಕತ್ತಾವ, ಉಣ್ಣೋರು ಉಣ್ಣಲಿ ಅಂತ ಹೇಳು."

"ಹಸಿವಿಲ್ಲ ಅಂತ ಹೇಳವ್ವಾ ನಿಮ್ಮ ಅತ್ತೆಗೆ."

"ಹಸಿವಿಲ್ಲದೋರು ಮುಂಜಾನಿಂದ ಹ್ಯಾಂಗ ಕುಣ್ಯಾಕತ್ತಾರ ಅಂತ ಕೇಳು."

ನಾನು ಬಾಯಿ ತೆರೆಯುವಷ್ಟರಲ್ಲಿ ಉತ್ತರ ಬಂದಿರುತ್ತಿತ್ತು. ಆ ಕಡೆ ಈ ಕಡೆ ಕತ್ತು ತಿರುಗಿಸುವುದೊಂದೇ ನನ್ನ ಕೆಲಸ. ಆದರೂ ನಾನು ಇಲ್ಲದಿದ್ದರೆ ಇಬ್ಬರೂ ಬಾಯಿ ತೆರೆಯುತ್ತಿರಲಿಲ್ಲ.

ಕುಣಿತದ ಸಂಗತಿ ಹೇಳುತ್ತೇನೆ. ಜಪಾನಿನ ಹಳ್ಳಿಗಳಲ್ಲಿ ಬೇಸಿಗೆಯ ಕೊನೆಗೆ ಒಂದು ಹಬ್ಬವಂತೆ. ನಮ್ಮಲ್ಲಿ ಅದು ಶ್ರಾವಣ. ಬಯಲಿನ ನಡುವೆ ಅಟ್ಟಣಿಗೆ, ಅದರ ಮೇಲೆ ದೊಡ್ಡ ನಗಾರಿ, ಸುತ್ತಲೂ ಕಾಗದದ ದೀಪ, ಊರಿಗೆ ಊರೇ ದುಂಡಗೆ ಸುತ್ತಿ ಕುಣಿಯುವುದು. ಕುಣಿತವೂ ಅಂಥಾ ಕಷ್ಟದ್ದಲ್ಲ. ಎರಡು ಸಲ ಅಗೆದಂತೆ ಮಾಡಬೇಕು, ಅಗೆದದ್ದನ್ನು ಹೆಗಲ ಮೇಲಿಂದ ಹಿಂದಕ್ಕೆ ಚೆಲ್ಲಬೇಕು, ಹಣೆಗೆ ಕೈ ಅಡ್ಡ ಹಿಡಿದು ದೂರ ನೋಡಬೇಕು, ಬಂಡಿ ನೂಕಬೇಕು, ಚಪ್ಪಾಳೆ ತಟ್ಟಬೇಕು. ಸಣ್ಣಮಾವ ಉಳಿದದ್ದನ್ನೆಲ್ಲ ಚಕಚಕನೆ ಮಾಡುತ್ತಿದ್ದರು. ಹಣೆಗೆ ಕೈ ಹಿಡಿದು ದೂರ ನೋಡುವಲ್ಲಿ ಮಾತ್ರ ತಾಳ ತಪ್ಪಿಸಿ ನಿಂತೇಬಿಡುತ್ತಿದ್ದರು.

ಇದನ್ನು ಗೋಡೆಯ ಮೇಲಿಂದ ನೋಡಿದ ಪಕ್ಕದ ಮನೆಯವರು, ಜಪಾನಿನಿಂದ ಯಾವುದೋ ವಾಯುರೋಗ ಅಂಟಿಸಿಕೊಂಡು ಬಂದಿದ್ದಾರೆಂದು ಹಕೀಮರನ್ನೇ ಕರೆತಂದರು. ಹಕೀಮರು ನಾಡಿ ಹಿಡಿದರು, ನಾಲಿಗೆ ನೋಡಿದರು, "ಇನ್ನೊಂದ ಸಲ ಮಾಡಿ ತೋರಸ್ರಿ" ಅಂದರು. ತೋರಿಸಿದರು. ಮತ್ತೊಂದು ಸಲ ಅಂದರು. ಒಂದು ತಾಸಿನ ಮೇಲೆ ನಾನು ಚಹಾ ತೆಗೆದುಕೊಂಡು ಹೊರಗೆ ಬಂದರೆ ರೋಗಿ, ಹಕೀಮರು ಇಬ್ಬರೂ ಅಂಗಳದಲ್ಲಿ ಬಂಡಿ ನೂಕುತ್ತಿದ್ದಾರೆ! "ಮಂಡಿಗೆ ಚಲೋ ಅದ" ಎಂದು ಹಕೀಮರು ತೀರ್ಪು ಕೊಟ್ಟು ಹೋದರು.

ಈ ಹಬ್ಬ ಹುಮನಾಬಾದಿನಲ್ಲಿ ಆಗಲೇಬೇಕೆಂದು ಸಣ್ಣಮಾವ ಹಟ ಹಿಡಿದರು. ಆದರೆ ಅದು ಎಂಥ ಕಾಲ! ಊರೂರಲ್ಲಿ ಗಲಭೆ, ಕೊಲೆ. ನಾಲ್ಕು ಮಂದಿ ಒಂದೆಡೆ ನಿಂತರೆ ಓಣಿಯೆಲ್ಲ ಬಾಗಿಲು ಹಾಕಿಕೊಳ್ಳುತ್ತಿತ್ತು. ಆಗ ನಗಾರಿ ಬಾರಿಸಿದ್ದರೆ ಊರೇ ಖಾಲಿಯಾಗುತ್ತಿತ್ತು. ಹಾಗಾಗಿ ಎರಡು ವರ್ಷ ಅಂಗಳದಲ್ಲೇ ತಾಲೀಮು ನಡೆಯಿತು. ನಲವತ್ತೊಂಬತ್ತರ ಶ್ರಾವಣಕ್ಕೆ ದಿನ ಗೊತ್ತು ಮಾಡಿದಾಗ ಅವರು ನನ್ನನ್ನು ಕರೆದು ಮೆಲ್ಲಗೆ ಹೇಳಿದರು, "ಊರು ಬಂದ್ರ ಚಲೋ, ಬರದಿದ್ರ ಬಿಡ್ಲಿ. ವೈನಿ ಬಂದು ಒಂದು ಸುತ್ತು ಹಾಕಿದ್ರ ಸಾಕವ್ವಾ ನನಗ. ಹ್ಯಾಂಗರ ಮಾಡಿ ಹೇಳು."

ವೈನಿ ಎಂದರೆ ಅವರಿಗೆ ಅತ್ತಿಗೆ, ನನಗೆ ಅತ್ತೆ. ಹೇಳಿದೆ. ಅತ್ತೆ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ನನ್ನ ತಂಗಿ ಸತ್ತಾಳ. ನಾ ಹ್ಯಾಂಗ ಕುಣೀಲಿ ಅಂತ ಕೇಳು."

ಪಡಸಾಲೆಯಲ್ಲಿ ಕುಳಿತಿದ್ದ ಸಣ್ಣಮಾವನಿಗೆ ಕೇಳಿಸಿತ್ತು. ಮರದ ಚಪ್ಪಲಿ ಮೆಟ್ಟಿ ಕಟಕಟ ಅಂಗಳಕ್ಕೆ ಇಳಿದರು. ಅಂದು ನನಗೆ ಅವರಿಬ್ಬರ ಮೇಲೂ ಸಿಟ್ಟು ಬಂತು, ಇಬ್ಬರ ಮೇಲೂ ಕನಿಕರ ಬಂತು.

ನಗಾರಿ ಬಂದದ್ದು ಕಲ್ಯಾಣದಿಂದ, ಈಗಿನ ಬಸವಕಲ್ಯಾಣ. ಎತ್ತಿನ ಬಂಡಿಯಲ್ಲಿ ನಗಾರಿ, ಅದನ್ನು ತಬ್ಬಿಕೊಂಡು ಅದರ ಯಜಮಾನ, ಬಿಳಿಗಡ್ಡದ ಚಾಚಾ.

"ಶಾದಿ ಏನ್ರಿ?" ಎಂದು ಕೇಳಿದರು ಚಾಚಾ, ಬಂಡಿ ಇಳಿಯುತ್ತ.

"ಅಲ್ಲ ಚಾಚಾ," ಅಂದರು ಸಣ್ಣಮಾವ.

"ಉರುಸು?"

"ಅಲ್ರಿ. ಜಪಾನಿ ಕುಣಿತ."

"ಇದು ಕಲ್ಯಾಣದ ನಗಾರಿ ಅದರಿ. ಜಪಾನಿ ಮಾತು ಇದಕ್ಕ ಬರಂಗಿಲ್ಲ. ಯಾರ ಸಲುವಾಗಿ ಬಾರಸೋದು ಅಂತ ಹೇಳ್ರಿ, ಆಗ ಕೈಗೆ ತಾಳ ಬರತದ."

ಸಣ್ಣಮಾವ ಅವರ ಕಿವಿಯಲ್ಲಿ ಏನೋ ಹೇಳಿದರು. ಚಾಚಾ ತಲೆಯಾಡಿಸಿ ನಗಾರಿಯ ಚರ್ಮ ಕಾಯಿಸಲು ಕುಳಿತರು.

ಅಂದು ಇಳಿಹೊತ್ತಿನಲ್ಲಿ ನಮ್ಮ ಕಣದ ಬಯಲಿನ ಸೊಬಗನ್ನು ಏನೆಂದು ಹೇಳಲಿ! ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಹಾಕುವ ಅಟ್ಟಣಿಗೆಯನ್ನು ಕಿತ್ತು ತಂದು ನಡುವೆ ನಿಲ್ಲಿಸಿದ್ದರು. ಗಾಳಿಪಟದ ಕಾಗದದಲ್ಲಿ ನಾನೇ ಮಾಡಿದ ಕೆಂಪು, ಹಳದಿ ದೀಪಗಳು. ಮಳೆ ಕೂಡ ನೋಡಲು ನಿಂತಂತೆ ತಡೆದುಕೊಂಡಿತ್ತು. ಚಾಚಾ ಮೇಲೆ ಹತ್ತಿ ಮೊದಲ ಪೆಟ್ಟು ಹಾಕಿದರು ನೋಡಿ, ನನ್ನ ಮೈಯೆಲ್ಲ ಝುಮ್ಮೆಂದಿತು. ಎರಡು ವರ್ಷ ಬಾಗಿಲು ಹಾಕಿಕೊಂಡಿದ್ದ ಓಣಿಗಳಿಂದ ಜನ ಬಂದರು, ಬಂದರು, ಬರುತ್ತಲೇ ಇದ್ದರು!

ಬಂದವರು ಮಾಡಿದ್ದೇನು? ನಡುವೆ ದೀಪ ಹಚ್ಚಿದ್ದೊಂದು ಕಂಡಿತು, ಮೇಲೆ ನಗಾರಿ ಕೇಳಿಸಿತು. ಚಪ್ಪಲಿ ಬಿಟ್ಟು, ಕೈ ಮುಗಿದು, ಬಲಕ್ಕೆ ಪ್ರದಕ್ಷಿಣೆ ಹಾಕತೊಡಗಿದರು. ಸೋಮವಾರದ ಮುದುಕಿ ಅಟ್ಟಣಿಗೆಯ ಕಾಲಿಗೆ ಕುಂಕುಮ ಹಚ್ಚಿ ಕಾಯಿ ಒಡೆದೇಬಿಟ್ಟಳು. ಇನ್ನೊಬ್ಬರು ನನ್ನ ಹತ್ತಿರ ಬಂದು ತೀರ್ಥ ಎಲ್ಲಿ ಕೊಡುತ್ತಾರೆಂದು ಕೇಳಿದರು. ಸಣ್ಣಮಾವ ನಿಲುವಂಗಿ ಎತ್ತಿ ಹಿಡಿದು ಕಟಕಟ ಓಡಿದರು.

"ಬಲಕ್ಕಲ್ರಿ, ಎಡಕ್ಕ! ಎಡಕ್ಕ ಸುತ್ತಬೇಕು!"

ಜನ ನಿಂತರು. ನಗಾರಿಯೂ ನಿಂತಿತು. ನಮ್ಮ ಓಣಿಯ ಹಿರಿಯರೊಬ್ಬರು ಮುಂದೆ ಬಂದರು.

"ಎಡಕ್ಕ ಸುತ್ತೋದು ಮಂದಿ ಸತ್ತಾಗ. ಶ್ರಾವಣದಾಗ ಇದೇನು ಅಪಶಕುನರಿ?"

"ಹೌದ್ರಿ. ಸತ್ತೋರ ಸಲುವಾಗೇ ಇದು."

ಅಷ್ಟು ಹೇಳಿ ಸಣ್ಣಮಾವ ಬೀಸಣಿಗೆಯನ್ನು ಸುಮ್ಮನೆ ಮಡಚಿದರು, ಬಿಚ್ಚಿದರು. ಅತ್ತೆ ಕಣದ ಅಂಚಿಗೆ ಸೆರಗು ಹೊದ್ದು ನಿಂತದ್ದನ್ನು ಆಗಲೇ ನಾನು ಕಂಡೆ.

"ಅಕಿ ಹೋದಳಂತ ಬರೆದ ಕಾಗದ ನನ್ನ ಕೈಗೆ ಬಂದದ್ದು ಎರಡು ತಿಂಗಳ ಮ್ಯಾಲ. ಅವತ್ತ ಆ ಊರಾಗ ಈ ಕುಣಿತ ನಡೆದಿತ್ತು. ವರ್ಷಕ್ಕೊಮ್ಮೆ ಸತ್ತೋರು ಮನಿಗೆ ಬರತಾರಂತ, ಅವರ ಸಲುವಾಗಿ ಕುಣೀತಾರ. ನಾ ಕಾಗದ ಹಿಡಕೊಂಡು ದೂರ ನಿಂತಿದ್ದೆ. ಯಾರೋ ಒಬ್ಬ ಮುದುಕಿ ಕೈ ಹಿಡಿದು ಒಳಗ ಎಳಕೊಂಡಳು, ಏನೂ ಕೇಳಲಿಲ್ಲ. ನಾ ನನ್ನ ಹೆಂಡತಿ ಮಣ್ಣಿಗೆ ಬರಲಿಲ್ಲರಿ. ಅಕಿ ಸಲುವಾಗಿ ಮಾಡಾಕ ನನಗ ಬರೋದು ಇದೊಂದೇ."

ಆ ಹಿಂದಿನ ವರ್ಷದ ಗಲಭೆಯಲ್ಲಿ ಯಾರ ಮನೆಯಲ್ಲಿ ಯಾರು ಇಲ್ಲವಾಗಿದ್ದರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೇಲಿಂದ ಚಾಚಾ ಮೆಲ್ಲಗೆ, ಒಂದೊಂದೇ ಪೆಟ್ಟು ಹಾಕತೊಡಗಿದರು. ಮೊದಲು ಹಕೀಮರು ಎಡಕ್ಕೆ ತಿರುಗಿದರು. ಆಮೇಲೆ ಆ ಹಿರಿಯರು. ಆಮೇಲೆ ಊರೇ ತಿರುಗಿತು. ಅಗೆದರು, ಚೆಲ್ಲಿದರು, ತಪ್ಪು ತಪ್ಪಾಗಿ ಬಂಡಿ ನೂಕಿದರು.

ಸಣ್ಣಮಾವ ಮಾತ್ರ ಹಣೆಗೆ ಕೈ ಹಿಡಿದು ದಾರಿ ನೋಡುವಲ್ಲಿ ನಿಂತುಬಿಟ್ಟಿದ್ದರು. ಬೀಸಣಿಗೆ ಕೆಳಗೆ ಬಿದ್ದಿತ್ತು. ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಮೂರು ವರ್ಷಗಳ ನೀರು. ಹಿಂದಿನವರು ಮುಂದೆ ಹೋಗಲಾರದೆ ನಿಂತರು.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸುತ್ತಿನೊಳಗೆ ಬಂದರು. ಬೀಸಣಿಗೆ ಎತ್ತಿಕೊಂಡು, ರೂಢಿಯಂತೆ ನನ್ನ ಕಡೆ ತಿರುಗಿದರು. ಏನು ಮುಟ್ಟಿಸಬೇಕೋ ಎಂದು ನಾನು ಹತ್ತಿರ ಹೋದೆ. ಆದರೆ ಅವರು ನನಗೇನೂ ಹೇಳಲಿಲ್ಲ. ಬೀಸಣಿಗೆಯಿಂದ ಮೈದುನನ ಬೆನ್ನು ತಟ್ಟಿದರು.

"ನಡಿ ಮುಂದ. ನಾ ಹಿಂದ ಅದೀನಿ."