ಬೆಲ್‌ರೋಪ್ ಬಯಲಿಗೆ ಅನುಮತಿ ಕೇಳಿದ ತಪ್ಪಿಗೆ

ಕ್ರೇನ್‌ಹೋಮ್ ಪುರಸಭೆಯ ಹಸಿರು ತಾಣಗಳ ನೋಂದಣಿ ಅಧಿಕಾರಿಗಳಾದ ಶ್ರೀಮಾನ್ ಜರ್ವಿಸ್ ಹಾಲ್‌ಸ್ಟೆಡ್ ಅವರ ಸನ್ನಿಧಾನಕ್ಕೆ, ಬ್ರೂಕ್ ಬೀದಿಯ ಗ್ಲೆನಿಸ್ ಓಲ್ಡ್‌ರಾಯ್ಡ್ ಎಂಬಾಕೆ ತಲೆಬಾಗಿ ಮಾಡುವ ವಂದನೆಗಳು.

ಮಾನ್ಯರೇ,

ತಮ್ಮ ಆರೋಗ್ಯವೂ ತಮ್ಮ ರಬ್ಬರ್ ಮೊಹರಿನ ಆರೋಗ್ಯವೂ ಚೆನ್ನಾಗಿರಲೆಂದು ಹಾರೈಸುತ್ತ, ಕಳೆದ ಮಂಗಳವಾರ ತಾವು ಹೊರಡಿಸಿದ ಹನ್ನೊಂದು ಪುಟಗಳ ತೀರ್ಮಾನವನ್ನು ಮೂರು ಸಲ ಓದಿದೆನೆಂದು ಅರಿಕೆ ಮಾಡಿಕೊಳ್ಳುತ್ತೇನೆ. ಬೆಲ್‌ರೋಪ್ ಬಯಲನ್ನು ಊರ ಬಯಲೆಂದು ನೋಂದಾಯಿಸಲು ಬರುವುದಿಲ್ಲ, ಅದನ್ನು ಕೊಂಡಿರುವ ಕಟ್ಟಡ ಕಂಪನಿ ಅಲ್ಲಿ ಅರವತ್ತನಾಲ್ಕು ಮನೆಗಳನ್ನು ಎಬ್ಬಿಸಿಕೊಳ್ಳಬಹುದು ಎಂಬ ಒಂದೇ ಮಾತನ್ನು ಅಷ್ಟು ದೂರ ಎಳೆದ ತಮ್ಮ ತಾಳ್ಮೆಗೆ ಬೆರಗಾದೆ. ಅದರಲ್ಲಿ ನನ್ನ ಹೆಸರು ಹದಿನೇಳು ಕಡೆ ಬಂದಿದೆ. ಇಷ್ಟು ಪ್ರಾಮುಖ್ಯ ನನಗೆ ನನ್ನ ಮದುವೆಯ ದಿನವೂ ಸಿಕ್ಕಿರಲಿಲ್ಲ.

ಮೊದಲಿಗೆ ತಮ್ಮ ಕಚೇರಿ ಉಚಿತವಾಗಿ ಹಂಚಿದ ‘ಹಸಿರು ತಾಣ ಉಳಿಸಿಕೊಳ್ಳಲು ನಿವಾಸಿಗಳಿಗೆ ನೆರವು’ ಎಂಬ ಕೈಪಿಡಿಗೆ ಕೃತಜ್ಞತೆ ಸಲ್ಲಬೇಕು. ಅದರ ಮುಖಪುಟದಲ್ಲಿ ಅಚ್ಚಾಗಿರುವುದು ನಮ್ಮ ಬೆಲ್‌ರೋಪ್ ಬಯಲಿನದೇ ಚಿತ್ರ. ನಾಲ್ಕನೆಯ ಪುಟದಲ್ಲಿ ಇಬ್ಬರು ಕೈಕುಲುಕುವ ಚಿತ್ರ ಹಾಕಿ, ಜಮೀನಿನ ಮಾಲೀಕರೊಂದಿಗೆ ಸೌಹಾರ್ದದಿಂದ ನಡೆದುಕೊಳ್ಳಿ ಎಂದು ದಪ್ಪ ಅಕ್ಷರಗಳಲ್ಲಿ ಬುದ್ಧಿ ಹೇಳಿದ್ದೀರಿ. ಮೂವತ್ತೊಂದನೆಯ ಪುಟದ ಅಡಿಯಲ್ಲಿ, ಇರುವೆಗೂ ಕನ್ನಡಕ ಬೇಕಾಗುವಷ್ಟು ಸಣ್ಣ ಅಕ್ಷರಗಳಲ್ಲಿ, ಒಂದು ಬಯಲು ಊರಿನದಾಗಬೇಕಾದರೆ ಊರಿನವರು ಅದನ್ನು ಇಪ್ಪತ್ತು ವರ್ಷ ಆಟಕ್ಕೋ ವಿಹಾರಕ್ಕೋ ಬಳಸಿರಬೇಕು, ಆ ಬಳಕೆ ಬಲವಂತದ್ದಾಗಿರಬಾರದು, ಕದ್ದುಮುಚ್ಚಿ ಆಗಿರಬಾರದು, ಯಾರ ಅನುಮತಿ ಪಡೆದೂ ಆಗಿರಬಾರದು ಎಂದು ಸೇರಿಸಿದ್ದೀರಿ. ನಾನು ನಾಲ್ಕನೆಯ ಪುಟಕ್ಕೇ ಸಂತೋಷಪಟ್ಟು ಕೈಪಿಡಿಯನ್ನು ಮಡಚಿಟ್ಟವಳು.

ಮಾನ್ಯರೇ, ಬಸ್ಸಿನಲ್ಲಿ ಕಾಲು ತುಳಿಸಿಕೊಂಡವರೇ ‘ಕ್ಷಮಿಸಿ’ ಎಂದು ಹೇಳುವ ಊರು ನಮ್ಮದು. ಇಂಥ ಊರಿನಲ್ಲಿ ಹುಟ್ಟಿದ ನಾನು, ಬೇರೆಯವರ ಹುಲ್ಲಿನ ಮೇಲೆ ಕೇಳದೆ ಕಾಲಿಡುವುದು ಹೇಗೆಂದು, ಇಪ್ಪತ್ತೆರಡು ವರ್ಷ, ಪ್ರತಿ ಮೇ ತಿಂಗಳು, ಆಗಿನ ಮಾಲೀಕರಾಗಿದ್ದ ರೈತ ಎಡ್ಗರ್ ಪಿಕರ್ಸ್‌ಗಿಲ್ ಅವರಿಗೆ ಕಾಗದ ಬರೆದೆ. ಈ ವರ್ಷವೂ ನಮ್ಮ ಬೀದಿಯವರು ತಮ್ಮ ಬಯಲಿನಲ್ಲಿ ನಡೆದಾಡಲು, ಆಡಲು ದಯವಿಟ್ಟು ಒಪ್ಪಿಗೆ ಕೊಡಬೇಕೆಂದು ಕೇಳಿ, ಜೊತೆಗೆ ಮನೆಯಲ್ಲೇ ಮಾಡಿದ ಕಿತ್ತಳೆ ಸಿಪ್ಪೆಯ ಮಾರ್ಮಲೇಡಿನ ಒಂದು ಸೀಸೆ ಕಳಿಸುತ್ತಿದ್ದೆ. ಆ ಪುಣ್ಯಾತ್ಮ ಒಮ್ಮೆ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, “ವರ್ಷ ವರ್ಷ ಯಾಕಮ್ಮ ಕೇಳ್ತೀಯ? ಸುಮ್ನೆ ಹೋಗಿ ಓಡಾಡ್ಕೊಳ್ಳಿ. ನೀನು ಕೇಳಿದ್ಮೇಲೆ ನಾನು ಕಾಗದ ಹುಡುಕಿ ಉತ್ತರ ಬರೀಬೇಕು, ನನಗೆ ಕರು ಹಾಕಿಸೋ ಕೆಲಸ ಇದೆ” ಎಂದು ಬೇಡಿಕೊಂಡಿದ್ದರು. ನಾನು ಕೇಳಲಿಲ್ಲ. ಅಂದರೆ, ಕೇಳುವುದನ್ನು ಬಿಡಲಿಲ್ಲ.

ಎಡ್ಗರ್ ತೀರಿಕೊಂಡು, ಅವರ ಸೋದರಳಿಯ ಬಯಲನ್ನು ಮಾರಿದ ಮೇಲೆ, ನಮ್ಮ ಬೀದಿಯವರು ಹಾಕಿದ ನೋಂದಣಿ ಅರ್ಜಿಗಾಗಿ ಗ್ರಂಥಾಲಯದಲ್ಲಿ ತಾವು ವಿಚಾರಣೆ ನಡೆಸಿದಿರಷ್ಟೆ. ಕಂಪನಿಯ ವಕೀಲರ ಕೈಯಲ್ಲಿ ಅಂದು ಒಂದು ಪುರಾವೆಯೂ ಇರಲಿಲ್ಲ. ನಾವು ಎಷ್ಟು ಮರ್ಯಾದಸ್ಥರೆಂದು ತೋರಿಸಲು, ಆ ಇಪ್ಪತ್ತೆರಡು ಕಾಗದಗಳ ನಕಲುಗಳನ್ನೂ ಎಡ್ಗರ್ ಅವರ ಉತ್ತರಗಳನ್ನೂ ನೀಲಿ ರಿಬ್ಬನ್ ಕಟ್ಟಿ ತಮ್ಮ ಮೇಜಿನ ಮೇಲೆ ಇಟ್ಟವಳು ನಾನೇ. ತಾವು ಕನ್ನಡಕ ಸರಿಮಾಡಿಕೊಂಡು, “ಪ್ರತಿ ವರ್ಷ ಕೇಳಿದ್ರಾ ಮೇಡಂ?” ಎಂದಾಗ, “ಒಂದು ವರ್ಷನೂ ತಪ್ಪಿಸಿಲ್ಲ ಸಾರ್” ಎಂದು ಎದೆಯುಬ್ಬಿಸಿ ಹೇಳಿದೆ. ವಕೀಲರು ಎದ್ದು ಬಂದು ನನ್ನ ಕೈ ಕುಲುಕಿದರು, ತಮ್ಮ ಕೈಪಿಡಿಯ ನಾಲ್ಕನೆಯ ಪುಟದಲ್ಲಿ ಇರುವ ಹಾಗೆಯೇ.

ನಮ್ಮ ಬೀದಿಯ ತುದಿಮನೆಯ ನಾರ್ಮನ್ ಸ್ಟಬ್ಸ್ ಬಗ್ಗೆ ತಾವು ತೀರ್ಮಾನದಲ್ಲಿ ಬರೆದಿರುವ ಮೆಚ್ಚುಗೆಯ ಸಾಲುಗಳನ್ನು ಅವನಿಗೆ ಓದಿ ಹೇಳಿದ್ದೇನೆ. ಹುಟ್ಟಿದಾರಭ್ಯ ಯಾರಿಗೂ ಒಂದು ‘ಥ್ಯಾಂಕ್ಸ್’ ಹೇಳದ, ನನ್ನ ಕಾಗದಗಳಲ್ಲಿ ತನ್ನ ಮನೆಯನ್ನು ಸೇರಿಸಲು ಬಿಡದ, ನಾಯಿಯನ್ನು ಎಳೆದುಕೊಂಡು ಬೇಕಾದಲ್ಲಿ ನುಗ್ಗುವ ಈ ಮನುಷ್ಯನೊಬ್ಬನ ಬಳಕೆ ಮಾತ್ರ ಕಾನೂನಿಗೆ ಒಪ್ಪಿತವಂತೆ, ಆದರೆ ಒಬ್ಬನಿಂದ ಊರಾಗುವುದಿಲ್ಲವಂತೆ. “ಯಾರಪ್ಪನ ಜಾಗ ಅಂತ ಕೇಳ್ಬೇಕಿತ್ತು? ನಿನ್ನ ನಯ ವಿನಯ ಎಲ್ರನ್ನೂ ಮುಳುಗಿಸ್ತು ನೋಡು” ಎಂದು ಅವನು ಮಾಂಸದಂಗಡಿಯ ಸಾಲಿನಲ್ಲಿ ಎಲ್ಲರೆದುರು ಅಂದ. ಸಾಲಿನಲ್ಲಿದ್ದವರು ಹೌದೆಂದು ತಲೆಯಾಡಿಸಿದರು. ಸಾಸೇಜು ಕೊಳ್ಳದೆ ಮನೆಗೆ ಬಂದೆ.

ತಮ್ಮ ತೀರ್ಮಾನದ ಒಂಬತ್ತನೆಯ ಪುಟವನ್ನು ಮಾತ್ರ ನಾನು ಹೊಗಳಲಾರೆ. ಆರು ವರ್ಷಗಳ ಹಿಂದೆ ನನ್ನ ಗಂಡ ಆರ್ನಲ್ಡ್‌ಗೆ ಪಾರ್ಶ್ವವಾಯು ಬಡಿದು ಎಡಗಾಲು ಸ್ವಾಧೀನ ತಪ್ಪಿತು. ಅವನು ಮತ್ತೆ ನಡೆಯಲು ಕಲಿತದ್ದು ಬೆಲ್‌ರೋಪ್ ಬಯಲಿನಲ್ಲಿ, ಒಂದು ಮುಳ್ಳುಗಿಡದಿಂದ ಮುಂದಿನ ಮುಳ್ಳುಗಿಡದ ತನಕ, ಮೊದಲ ತಿಂಗಳು ಹನ್ನೊಂದು ಸಲ ಬಿದ್ದು. “ಬಿದ್ರೂ ಹುಲ್ಲು ತಾನೆ, ಬಿಡು” ಎನ್ನುತ್ತಿದ್ದ. ಬೆನ್ನು ತಿರುಗಿಸಿ ನಿಂತು ನಾನು ಅಳುತ್ತಿದ್ದೆ. ಇದನ್ನು ತಾವು ‘ಚಿಕಿತ್ಸೆಯ ಸ್ವರೂಪದ ಚಲನೆ, ವಿಹಾರವೆಂದು ಪರಿಗಣಿಸಲಾಗದು’ ಎಂದು ಬರೆದಿದ್ದೀರಿ. ಮಾನ್ಯರೇ, ಹನ್ನೆರಡನೆಯ ಸಲ ಬೀಳದೆ ಆಚೆ ಗಿಡ ಮುಟ್ಟಿದಾಗ ಅವನ ಮುಖ ತಾವು ನೋಡಬೇಕಿತ್ತು. ಅದು ವಿಹಾರವಲ್ಲದಿದ್ದರೆ ಈ ಊರಿನಲ್ಲಿ ಯಾರೂ ಇದುವರೆಗೆ ವಿಹರಿಸಿಲ್ಲ.

ಆದುದರಿಂದ ಕೆಲವು ಸಣ್ಣ ಕೋರಿಕೆಗಳು. ನಾನು ಮೂಲತಃ ಒರಟು ಹೆಂಗಸೆಂದು ಇಪ್ಪತ್ತೆರಡು ವರ್ಷಗಳ ಹಿಂದಿನ ತಾರೀಖು ಹಾಕಿ ಒಂದು ಪ್ರಮಾಣಪತ್ರ ದಯಪಾಲಿಸಬೇಕು. ಎಡ್ಗರ್ ಈಗ ಚರ್ಚಿನ ಹಿಂದೆ ಮಲಗಿದ್ದಾರೆ. ಅಲ್ಲಿಗೆ ತಮ್ಮ ಗುಮಾಸ್ತರನ್ನು ಕಳಿಸಿ, ತಾನು ಉತ್ತರ ಬರೆದದ್ದು ಮಾರ್ಮಲೇಡಿನ ಆಸೆಗೇ ಹೊರತು ಒಪ್ಪಿಗೆಯಿಂದಲ್ಲ ಎಂದು ಹೇಳಿಕೆ ಬರೆಸಿಕೊಳ್ಳಬೇಕು. ಕೈಪಿಡಿಯ ಮುಂದಿನ ಮುದ್ರಣದಲ್ಲಿ ಕೈಕುಲುಕುವ ಚಿತ್ರ ತೆಗೆದು ನಾರ್ಮನ್‌ನ ಚಿತ್ರ ಹಾಕಬೇಕು. ಅವನು ನಗುವುದಿಲ್ಲ, ಅದೇ ಒಳ್ಳೆಯದು.

ಇಪ್ಪತ್ತು ವರ್ಷದ ಎಣಿಕೆಯನ್ನು ಮೊದಲಿಂದ ಶುರುಮಾಡಲು ಅಡ್ಡಿಯಿಲ್ಲವೆಂದು ತೀರ್ಮಾನದ ಕೊನೆಯ ಸಾಲಿನಲ್ಲಿ ತಾವು ಸೌಜನ್ಯದಿಂದ ತಿಳಿಸಿದ್ದೀರಿ. ಅದನ್ನು ಆರ್ನಲ್ಡ್‌ಗೆ ಓದಿ ಹೇಳಿದೆ. ಅವನಿಗೆ ಈಗ ಎಪ್ಪತ್ತೆಂಟು. ಬೂಟಿನ ದಾರ ಕಟ್ಟಿಕೊಳ್ಳುತ್ತ, “ಹಂಗಾದ್ರೆ ತೊಂಬತ್ತೆಂಟಕ್ಕೆ ಅರ್ಜಿ ಹಾಕೋಣ. ಈ ಸಲ ನೀನು ಬಾಯಿ ಮುಚ್ಕೊಂಡಿದ್ರೆ ಸಾಕು” ಎಂದ. ಬಯಲಿನಂಚಿನ ತೊರೆಯ ಕಡೆ ಕಂಪನಿ ಇನ್ನೂ ಬೇಲಿ ಹಾಕಿಲ್ಲವಾದ್ದರಿಂದ ನಾವೇನೂ ಮುರಿಯಬೇಕಾಗಿಲ್ಲ. ಕದ್ದು ಹೋಗುವುದೂ ಇಲ್ಲ. ಶನಿವಾರ ಬೆಳಗ್ಗೆ ಹತ್ತಕ್ಕೆ, ಎಲ್ಲರೂ ನೋಡುವಂತೆ, ಬೀದಿಯ ಮೂವತ್ತೊಂದು ಮನೆಯವರೂ ಬಯಲಿಗೆ ಇಳಿಯುತ್ತಿದ್ದೇವೆ. ಇದನ್ನು ತಮಗೆ ತಿಳಿಸುತ್ತಿದ್ದೇನೆ, ಕೇಳುತ್ತಿಲ್ಲ.

ವಿನಯದ ಚಟ ಬಿಡಲು ಹೆಣಗುತ್ತಿರುವ ತಮ್ಮ ವಿಶ್ವಾಸಿ,
ಗ್ಲೆನಿಸ್ ಓಲ್ಡ್‌ರಾಯ್ಡ್

ತಾ. ಕ.: ಈ ಪತ್ರಕ್ಕೆ ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ, ಕಂಪನಿಯವರಿಗೂ ಹಾಗೆಯೇ ಹೇಳಿ. ಯಾರಾದರೂ ಒಳ್ಳೆಯ ಮನಸ್ಸು ಮಾಡಿ ‘ಧಾರಾಳವಾಗಿ ನಡೆಯಿರಿ’ ಎಂದು ಬರೆದುಬಿಟ್ಟರೆ ಆರ್ನಲ್ಡ್ ಮತ್ತೆ ಮೊದಲ ವರ್ಷದಿಂದ ನಡೆಯಬೇಕಾಗುತ್ತದೆ, ಅವನಿಗೆ ಅಷ್ಟು ಪುರುಸೊತ್ತಿಲ್ಲ.