ನಮ್ಮ ಭಾವನ ಅಣು ಸಬ್‌ಮೆರೀನು

ನಮ್ಮ ಭಾವ ಸಮುದ್ರ ಕಂಡವರಲ್ಲ. ಅವರು ಕಂಡ ಅತಿ ದೊಡ್ಡ ನೀರೆಂದರೆ ಯಡಿಯೂರು ಕೆರೆ. ಹಾಗಿದ್ದೂ ಜಯನಗರದ ಮನೆಯ ಮುಂದಿನ ಕೋಣೆಯಲ್ಲಿ ವರ್ಷಗಟ್ಟಲೆ ಸಬ್‌ಮೆರೀನು ನಡೆಸಿದರು ಎಂದರೆ ನೀವು ನಂಬುತ್ತೀರಾ? ಅಕ್ಕನ ಮನೆಯಲ್ಲಿದ್ದುಕೊಂಡೇ ಕೆಲಸಕ್ಕೆ ಹೋಗುತ್ತಿದ್ದ ನಾನಂತೂ ನಂಬಲೇಬೇಕಾಯಿತು!

ಎಲ್ಲಕ್ಕೂ ಕಾರಣ ಪತ್ರಿಕೆಯಲ್ಲಿ ಬಂದ ಒಂದು ಸುದ್ದಿ. ಅಮೆರಿಕದವರು ಅಣುಶಕ್ತಿಯಿಂದ ಓಡುವ ಸಬ್‌ಮೆರೀನು ಕಟ್ಟಿದ್ದಾರಂತೆ, ಹಳೆಯವುಗಳ ಹಾಗೆ ಅದು ಗಾಳಿಗಾಗಿ ಮೇಲೇಳಬೇಕಿಲ್ಲವಂತೆ, ತಿಂಗಳುಗಟ್ಟಲೆ ಮುಳುಗಿಯೇ ಇರಬಹುದಂತೆ. ಸರ್ಕಾರಿ ಗುಮಾಸ್ತರಾದ ಭಾವನಿಗೆ ಇದಕ್ಕಿಂತ ಸುಖ ಬೇರೆ ಏನಿದೆ! ಸಂಜೆ ಮನೆಗೆ ಬಂದವರೇ ಕೋಣೆಯ ಕಿಟಕಿ, ಬಾಗಿಲು ಹಾಕಿಕೊಂಡು ಮುಳುಗಿಬಿಡುತ್ತಿದ್ದರು. ಒಮ್ಮೆ ಹನುಮಂತನಗರದಿಂದ ಬಂದ ಅವರ ಚಿಕ್ಕಪ್ಪ ಬಾಗಿಲು ತಟ್ಟಿದಾಗ ಒಳಗಿನಿಂದ ಬಂದ ಉತ್ತರ, "ಮುಳುಗಿದೀನಿ, ಚಿಕ್ಕಪ್ಪ." ಸಾಲದಲ್ಲಿ ಮುಳುಗಿದ್ದಾನೆಂದುಕೊಂಡ ಆ ಹಿರಿಯರು ಕಾಫಿಯನ್ನೂ ಕುಡಿಯದೆ ಬಸ್ ಹಿಡಿದರು!

ಹುಳಿಯ ಒಗ್ಗರಣೆ ಘಮ್ಮೆಂದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಕೇಳಿದರೆ, ಊಟದ ಸಾಮಾನು ಮುಗಿದಾಗ ಅಣು ಸಬ್‌ಮೆರೀನೂ ಮೇಲೆ ಬರಲೇಬೇಕೆಂದು ವಾದ.

ಇಷ್ಟನ್ನೂ ಸಹಿಸಬಹುದಿತ್ತು. ಆ ಲೋಟದ ಸದ್ದನ್ನು ಹೇಗೆ ಸಹಿಸುವುದು? ಆಳದ ನೀರಿನಲ್ಲಿ ಕಣ್ಣಿಗೇನೂ ಕಾಣದು. ಸಬ್‌ಮೆರೀನು ಒಂದು ಸದ್ದು ಕಳಿಸುತ್ತದಂತೆ, ಅದು ತಿರುಗಿ ಬಂದರೆ ಎದುರಿಗೆ ಏನೋ ಇದೆ ಎಂದರ್ಥವಂತೆ. ಹಾಗಾಗಿ ಭಾವ ಆಗಾಗ ಚಮಚದಿಂದ ಹಿತ್ತಾಳೆ ಲೋಟಕ್ಕೆ ಟಿಂಗ್ ಎಂದು ಬಡಿಯುವರು. ಅಕ್ಕ ಅಡುಗೆಮನೆಯಿಂದ ತಿರುಗಿ ಟಿಂಗ್ ಎನಿಸಬೇಕು. ಅಕ್ಕ ಒಂದು ದಿನವೂ ಎನಿಸಲಿಲ್ಲ. "ತಿರುಗಿ ಸದ್ದು ಮಾಡೋಕೆ ನಾನೇನು ಬಂಡೆನಾ?" ಎಂದು, ಸೌಟನ್ನೂ ಸದ್ದಾಗದಂತೆ ಕೆಳಗಿಡುತ್ತಿದ್ದಳು. ಟಿಂಗ್ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿಯಿತು.

ಆಮೇಲೆ ಅಕ್ಕನಿಗೆ ಟೈಫಾಯ್ಡ್ ಬಂತು. ಕಣ್ಣು ಬಿಡಲಿಲ್ಲ, ಕರೆದರೆ ಓಗೊಡಲಿಲ್ಲ. ಇನ್ನು ಕಾದು ನೋಡುವುದಷ್ಟೇ ಎಂದು ಡಾಕ್ಟರು ಹೇಳಿಹೋದರು. ಭಾವ ಮನೆಯ ಕಿಟಕಿ, ಬಾಗಿಲುಗಳನ್ನೆಲ್ಲ ತೆರೆದಿಟ್ಟು ಅವಳ ಮಂಚದ ಪಕ್ಕ ಕೂತರು. ಮಧ್ಯಾಹ್ನ ನೋಡುತ್ತೇನೆ, ಕೈಯಲ್ಲಿ ಅದೇ ಲೋಟ! ಮೆಲ್ಲಗೆ ಟಿಂಗ್ ಎನಿಸಿದರು. ಕಾದರು. ಮತ್ತೆ ಎನಿಸಿದರು. ಇಂಥ ಹೊತ್ತಿನಲ್ಲೂ ಆಟವೇ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಚಮಚ ಕಿತ್ತುಕೊಳ್ಳಲು ಹೋದೆ.

ಅಕ್ಕನ ಕೈ ಅಲುಗಿತು. ಕಣ್ಣು ಮುಚ್ಚಿಕೊಂಡೇ ಮಂಚದ ಕಬ್ಬಿಣದ ಸರಳಿಗೆ ಬಳೆ ತಾಗಿಸಿದಳು. ಟಿಂಗ್.

ಭಾವ ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟರು. "ಇದಾಳೆ ಕಣೋ," ಎಂದರು. "ಇಲ್ಲೇ ಇದಾಳೆ."