ಗೊಂಬೆ ಮೆಟ್ಟಿಲ ಹಿಂದೆ ಅನ್ಯಗ್ರಹದವರು

"ಈ ಸಲ ಗೊಂಬೆ ಮೆಟ್ಲು ನಾನ್ ಕಟ್ತೀನಿ ಕಣೇ! ವಿಮಾನ ಕಟ್ಟಿದ ಕೈ ಇದು!" ಎಂದು ಹಯಗ್ರೀವರಾಯರು ನವರಾತ್ರಿಗೆ ಮೂರು ದಿನ ಇರುವಾಗಲೇ ಘೋಷಿಸಿಬಿಟ್ಟರು.

"ನೀವು ಕಟ್ಟಿದ್ದೆಲ್ಲಿ? ಯಾರೋ ಕಟ್ಟಿದ್ದಕ್ಕೆ ಪಾಸು, ಫೇಲು ಅಂತ ಸೀಲು ಹೊಡೀತಿದ್ರಿ," ಎಂದರು ಹೆಂಡತಿ ಅನಸೂಯ, ಕಡಲೆಕಾಳು ಆರಿಸುತ್ತಾ.

ಮಾತು ನಿಜವೇ. ರಾಯರು ವಿಮಾನಪುರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ಅವರ ಸೀಲು ಬೀಳದೆ ಅಲ್ಲಿ ಒಂದು ರಿವೆಟ್ಟೂ ಆಕಾಶ ಕಂಡಿದ್ದಿಲ್ಲ! ಆದರೆ ನಿವೃತ್ತಿಯಾದ ಮೇಲೆ ಸೀಲು ಹೊಡೆಯಲು ಮನೆಯಲ್ಲಿ ಏನಿದೆ? ಒಮ್ಮೆ ದೋಸೆಯನ್ನು ತಿರುಗಿಸಿ ನೋಡಿ "ಅಂಚಲ್ಲಿ ಸ್ವಲ್ಪ ದಪ್ಪ" ಎಂದಿದ್ದಕ್ಕೆ ಎರಡು ದಿನ ಬರೀ ಉಪ್ಪಿಟ್ಟು ತಿಂದಿದ್ದರು. ಹಾಗಾಗಿ ಈ ಮೆಟ್ಟಿಲಿನ ಮೇಲೆ ಅವರ ಮಾನವೆಲ್ಲ ನಿಂತಿತ್ತು.

ಶಿವಾಜಿನಗರದ ಗುಜರಿಯಿಂದ ತೂತಿನ ಕಬ್ಬಿಣದ ಪಟ್ಟಿಗಳು ಬಂದವು. ಅರವತ್ನಾಲ್ಕು ನಟ್ಟು, ಅರವತ್ನಾಲ್ಕು ಬೋಲ್ಟು ಬಂದವು. ಹಾಲ್‌ನ ಉದ್ದ ಗೋಡೆಗೆ ಟೇಪು ಹಿಡಿದರು, ರಸಮಟ್ಟ ಇಟ್ಟರು, ಒಂದು ಕಣ್ಣು ಮುಚ್ಚಿ ನೋಡಿದರು. ಹಬ್ಬದ ಮೊದಲ ದಿನ ಮಧ್ಯಾಹ್ನ ಕೊನೆಯ ನಟ್ಟು ಬಿಗಿಯಾಗುವ ಹೊತ್ತಿಗೆ ಏಳು ಮೆಟ್ಟಿಲು ಎದ್ದು ನಿಂತಿದ್ದವು. ಒಂದು ಮಿಲಿಮೀಟರ್ ಆಚೆಯಿಲ್ಲ, ಈಚೆಯಿಲ್ಲ! ಅನಸೂಯ ಬಿಳಿ ಪಂಚೆ ಹಾಸಿ, ಪಟ್ಟದ ರಾಜ ರಾಣಿಯನ್ನು ಮೇಲೆ ಕೂರಿಸಿ, ದಶಾವತಾರವನ್ನು ಸಾಲಾಗಿ ನಿಲ್ಲಿಸಿ, ಕಲಶವಿಟ್ಟು ಆರತಿ ಎತ್ತಿದರು.

ರಾಯರು ತೃಪ್ತಿಯಿಂದ ಸೋಫಾದ ಮೇಲೆ ಕೂತು ರಿಮೋಟು ಎತ್ತಿಕೊಂಡರು. ಎದುರಿಗೆ ಮತ್ಸ್ಯ, ಕೂರ್ಮ, ವರಾಹ. ಟಿವಿ ಎಲ್ಲಿ?

"ಅನಸೂ... ಟಿವಿ?"

"ಮೆಟ್ಲ ಹಿಂದಿದೆ. ಕಟ್ಟಿದ್ದು ನೀವೇ."

"ಮೊದ್ಲೇ ಹೇಳಬಾರದಿತ್ತೇನೇ?"

"ಇನ್ಸ್‌ಪೆಕ್ಟರ್ ಸಾಹೇಬರ ಅಳತೆಗೆ ಅಡ್ಡ ಬರೋಕಾಗತ್ತಾ?"

"ಒಂದೇ ಒಂದಡಿ ಜರುಗಿಸಿದ್ರೆ..."

"ಕಲಶ ಇಟ್ಟಾಗಿದೆ. ವಿಜಯದಶಮಿ ದಿನ ಪಟ್ಟದ ಗೊಂಬೆ ಮಲಗಿಸೋವರೆಗೂ ಕೂದಲೆಳೆಯಷ್ಟೂ ಜರುಗಿಸೋ ಹಾಗಿಲ್ಲ!"

ಬೇರೆ ದಿನವಾಗಿದ್ದರೆ ರಾಯರು ಸಹಿಸಿಕೊಳ್ಳುತ್ತಿದ್ದರು. ಅಂದು ಶುಕ್ರವಾರ! ಎಂಟು ವಾರದಿಂದ ಶುಕ್ರವಾರ ಸಂಜೆ ಆರಕ್ಕೆ ತಪ್ಪದೆ ನೋಡುತ್ತಿದ್ದ ಸರಣಿಯ ಕೊನೆಯ ಕಂತು! ಬೇರೆ ಗ್ರಹದಿಂದ ಬಂದ ನೀಲಿ ಮುಖದವರು ಒಂದು ಇಡೀ ಊರನ್ನು ವಶಪಡಿಸಿಕೊಂಡಿದ್ದಾರೆ. ಸೂರ್ಯ ಮುಳುಗಿದ ಮೇಲೆ ಯಾರೂ ಹೊರಗೆ ಬರುವಂತಿಲ್ಲ. ಐದು ಜನ ಮಾತ್ರ ನೆಲಮಾಳಿಗೆಯಲ್ಲಿ ಕೂಡಿ ದಂಗೆಗೆ ಸಂಚು ಹೂಡುತ್ತಾರೆ, ಆದರೆ ಆ ಐವರಲ್ಲೇ ಒಬ್ಬರು ಎಲ್ಲವನ್ನೂ ಶತ್ರುವಿಗೆ ಊದುತ್ತಿದ್ದಾರೆ. ಯಾರು? ಡಾಕ್ಟರೇ ಎಂದು ರಾಯರ ವಾದ. ಅಲ್ಲ, ಸ್ಕೂಲ್ ಟೀಚರ್ ಎಂದು ಶಿವಾಜಿನಗರದಲ್ಲಿರುವ ಹಳೇ ಸಹೋದ್ಯೋಗಿ ಮೊಹ್ಸಿನ್‌ನ ವಾದ. ಎಂಟು ವಾರ ಫೋನಿನಲ್ಲಿ ಇದೇ ಜಗಳ. ಇಂದು ಕಂತು ಮುಗಿದೊಡನೆ ಅವನು ಫೋನು ಮಾಡಿ ಗುಟ್ಟು ಒದರುವುದು ಖಂಡಿತ. ಅವನ ಬಾಯಿಂದ ಕೇಳುವುದೇ? ಅದಕ್ಕಿಂತ ಅನ್ಯಗ್ರಹದವರು ಬಂದು ಎತ್ತಿಕೊಂಡು ಹೋಗುವುದೇ ವಾಸಿ!

ಫೋನಿನಲ್ಲಿ ನೋಡೋಣವೆಂದರೆ, ಕಣ್ಣಿನ ಪೊರೆ ತೆಗೆದ ಡಾಕ್ಟರು ಸಣ್ಣ ಪರದೆ ಕೂಡದೆಂದಿದ್ದರು. ಆರು ಗಂಟೆಗೆ ಅನಸೂಯ ಅಡುಗೆಮನೆಗೆ ಹೋದದ್ದೇ ತಡ, ರಾಯರು ಮೆಟ್ಟಿಲ ಪಕ್ಕದ ಸಂದಿಯಿಂದ ರಿಮೋಟು ಚಾಚಿ ಕಂತು ಹಚ್ಚಿ, ರಿಮೋಟನ್ನು ಸೋಫಾಕ್ಕೆ ಎಸೆದು, ಕಿವಿಗೆ ಹೆಡ್‌ಫೋನ್ ಏರಿಸಿ, ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನುಸುಳಿದರು. ಮೆಟ್ಟಿಲ ಕೆಳಗಿನ ಟೊಳ್ಳಿನಲ್ಲಿ ಮೊಣಕಾಲಿಗೆ ಗಲ್ಲ ಊರಿ ಕೂತರು. ಮೂಗಿನಿಂದ ಎರಡಡಿಗೆ ಟಿವಿ! ಸಣ್ಣ ಪರದೆ ಕೂಡದೆಂದ ಡಾಕ್ಟರು ಇದನ್ನು ನೋಡಬೇಕಿತ್ತು.

ಅಷ್ಟರಲ್ಲಿ ಅರಿಶಿನ ಕುಂಕುಮಕ್ಕೆ ಹೆಂಗಸರು ಬಂದರು. ಪಕ್ಕದ ಮನೆಯ ವಿಭಾ, ಅವಳ ಅತ್ತೆ, ಮತ್ತು ಪ್ರತಿ ವರ್ಷ ಗೊಂಬೆ ನೋಡಲು ತಪ್ಪದೆ ಬರುವ ಮೊಹ್ಸಿನ್‌ನ ಹೆಂಡತಿ ಮೆಹರುನ್ನೀಸಾ. ಬಿಳಿ ಪಂಚೆಯ ಹಿಂದಿನಿಂದ ನೀಲಿ ಬೆಳಕು ಮಿಂಚಿ ಮಿಂಚಿ ಆರುತ್ತಿತ್ತು.

"ಲೈಟಿಂಗ್ ಸೂಪರ್, ಆಂಟಿ! ಅಂಕಲ್ ಮಾಡಿದ್ದಾ?" ಎಂದಳು ವಿಭಾ.

"ಅವ್ರದ್ದೇ," ಎಂದ ಅನಸೂಯರ ಹುಬ್ಬು ಸ್ವಲ್ಪ ಗಂಟಾಯಿತು.

ಅತ್ತೆ ಹಾಡು ಶುರು ಮಾಡಿದರು. ಎರಡನೇ ಚರಣದಲ್ಲಿ ರಾಯರ ಹೆಡ್‌ಫೋನಿನ ಚಾರ್ಜು ಮುಗಿಯಿತು! ಟಿವಿಯ ಸದ್ದು ಒಮ್ಮೆಲೇ ಮನೆ ತುಂಬ ಮೊಳಗಿತು. ಸರಣಿಯನ್ನು ಕನ್ನಡಕ್ಕೆ ಡಬ್ ಮಾಡಿದ್ದ ಪುಣ್ಯಾತ್ಮರು ಅನ್ಯಗ್ರಹದವರಿಗೆ ಪೌರಾಣಿಕ ನಾಟಕದ ಗತ್ತು ಕೊಟ್ಟಿದ್ದರು.

"ಮಾನವರೇ! ಈ ಗೃಹವು ಇಂದಿನಿಂದ ನಮ್ಮ ವಶ!"

ಹಾಡು ನಿಂತಿತು. ಅತ್ತೆ ಧಡಕ್ಕನೆ ಎದ್ದು ಕೈಮುಗಿದರು. "ಅಮ್ಮಾ ತಾಯೀ! ಮಾತಾಡ್ತಿದಾಳೆ ಕಣೇ!"

"ಗಂಡಸಿನ ಧ್ವನಿ ಅತ್ತೆ!"

"ಪಟ್ಟದ ಗೊಂಬೇಲಿ ರಾಜ ಇಲ್ವೇನೇ? ಸುಮ್ನೆ ನಮಸ್ಕಾರ ಮಾಡು!"

"ನಿಮ್ಮಲ್ಲೊಬ್ಬರು ನಿಮ್ಮ ಗುಟ್ಟುಗಳನ್ನೆಲ್ಲ ನಮಗೆ ಅರುಹಿದ್ದಾರೆ!" ಎಂದು ರಾಜ ಗುಡುಗಿದ.

ಅತ್ತೆ ಸೊಸೆಯತ್ತ ತಿರುಗಿದರು. "ಕೇಳಿದ್ಯಾ? ಮನೆ ಮಾತು ಹೊರಗೆ ಹೇಳ್ಬೇಡ ಅಂತ ಬಡ್ಕೊಂಡೆ! ದೇವರಿಗೂ ಗೊತ್ತಾಗೋಯ್ತು!"

"ಫೋನಲ್ಲಿ ಗಂಟೆಗಟ್ಲೆ ನಿಮ್ಮ ತಂಗಿಗೆ ವರದಿ ಒಪ್ಪಿಸೋದು ನಾನಾ, ನೀವಾ?"

ಮೆಟ್ಟಿಲ ಕೆಳಗೆ ರಾಯರು ಬೆವರಿ ನೀರಾಗಿದ್ದರು. ಪ್ಲಗ್ಗು ಕೈಗೆಟುಕುವಷ್ಟು ಹತ್ತಿರ! ಎಳೆದರೆ ಮಾನ ಉಳಿಯಿತು. ಕೈ ಪ್ಲಗ್ಗಿನ ಮೇಲೆ ಹೋಯಿತು ಕೂಡ. ಆದರೆ ಅದೇ ಗಳಿಗೆಗೆ ಪರದೆಯ ಮೇಲೆ ದಂಗೆಯ ನಾಯಕಿ, "ದ್ರೋಹಿ ಯಾರೆಂದು ನನಗೆ ತಿಳಿಯಿತು," ಎಂದು ಐವರ ನಡುವೆ ಎದ್ದು ನಿಂತಳು. ಎಂಟು ವಾರ! ಕೈ ಅಲ್ಲೇ ಮರಗಟ್ಟಿತು. ಮಾನ ಇವತ್ತು ಹೋದರೆ ನಾಳೆ ಸಂಪಾದಿಸಬಹುದು, ಈ ಗಳಿಗೆ ಮತ್ತೆ ಸಿಕ್ಕೀತೇ?

"ಅರೆ ಅಲ್ಲಾ!" ಎಂದು ಮೆಹರುನ್ನೀಸಾ ಕೆನ್ನೆಗೆ ಕೈಯಿಟ್ಟರು. "ಇದು ನಮ್ಮನೆಯವ್ರು ನೋಡೋ ಸೀರಿಯಲ್ಲು, ಭಾಭಿ! ಆ ನೀಲಿ ಮುಖದವನ ಗಂಟಲು! ಎಂಟು ವಾರದಿಂದ ನಮ್ಮನೇಲೂ ಇವನದೇ ಕಾಟ!"

ಅನಸೂಯ ನಿಧಾನವಾಗಿ ಬಾಗಿಲ ಬಳಿ ನಡೆದರು.

"ಆ ದ್ರೋಹಿ ಬೇರಾರೂ ಅಲ್ಲ," ಎಂದಳು ನಾಯಕಿ. "ಅದು..."

ಟಪ್! ಅನಸೂಯ ಮೇನ್ ಸ್ವಿಚ್ಚನ್ನೇ ಆರಿಸಿದ್ದರು.

"ಅಯ್ಯಯ್ಯೋ!" ಎಂಬ ಆರ್ತನಾದ ಗೊಂಬೆಗಳ ಹಿಂದಿನಿಂದ ಬಂತು. ರಾಯರು ತಡೆಯಲಾರದೆ ಎದ್ದು ನಿಂತು ಮೇಲಿನ ಮೆಟ್ಟಿಲಿಗೆ ಧಡ್ ಎಂದು ತಲೆ ಹೊಡೆದುಕೊಂಡರು. ಪಂಚೆ ಸರಿಸಿ ಮುಖ ಹೊರಗೆ ಹಾಕಿದರೆ, ದೀಪದ ಬೆಳಕಿನಲ್ಲಿ ನಾಲ್ವರು ಹೆಂಗಸರು ಅವರನ್ನೇ ನೋಡುತ್ತಿದ್ದರು.

"ಒಂದು ಗೊಂಬೇನೂ ಬಿದ್ದಿಲ್ಲ, ನೋಡು," ಎಂದರು ರಾಯರು, ತಲೆ ಉಜ್ಜಿಕೊಳ್ಳುತ್ತಾ. "ನಟ್ಟು ಅಂದ್ರೆ ಹೀಗಿರ್ಬೇಕು!"

"ಬನ್ನಿ ಹೊರಗೆ."

ಬಂದರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತರು. ಆದರೆ ಅತ್ತೆ ಮುಂದೆ ಬಂದು, "ಅದೆಲ್ಲ ಇರ್ಲಿ ಅನಸೂಯಮ್ಮ, ಆ ದ್ರೋಹಿ ಯಾರು? ಸರಿಯಾಗಿ ಹೇಳೋ ಹೊತ್ತಿಗೆ ಆರಿಸಿಬಿಟ್ರಲ್ಲ! ನಂಗಿವತ್ತು ಊಟ ಸೇರಲ್ಲ," ಎಂದರು.

"ಹೌದು ಆಂಟಿ, ಹಾಕಿ ಪ್ಲೀಸ್!" ಎಂದಳು ವಿಭಾ. ರಾಯರ ಕಣ್ಣಿನಲ್ಲಿ ಆಸೆ ಮಿನುಗಿತು.

ಅನಸೂಯ ಸ್ವಿಚ್ಚು ಹಾಕಿ, ಸೋಫಾದಿಂದ ರಿಮೋಟು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಹಾಕೋದೇನು ಬೇಕಾಗಿಲ್ಲ. ಯಾರು ಅಂತ ನಂಗೊತ್ತು."

"ನಿನಗಾ?!" ರಾಯರು ತಲೆ ಉಜ್ಜುವುದನ್ನೇ ಮರೆತರು.

"ಮಧ್ಯಾಹ್ನ ಹನ್ನೆರಡಕ್ಕೇ ಆಪ್‌ನಲ್ಲಿ ಬಿಟ್ಟಿದ್ರು. ನೀವು ನಟ್ಟು ಬಿಗೀತಿದ್ರಿ. ಒಗ್ಗರಣೆ ಡಬ್ಬಿಗೆ ಫೋನು ಒರಗಿಸ್ಕೊಂಡು ಉಸಲಿ ಮಾಡ್ತಾ ಮಾಡ್ತಾ ಮುಗಿಸ್ಬಿಟ್ಟೆ. ಎಂಟು ವಾರದಿಂದ ಹಾಗೇ ನೋಡ್ತಿರೋದು."

ಆಮೇಲೆ ಅವರು ತಾಂಬೂಲದ ತಟ್ಟೆ ತಂದರು. ಒಬ್ಬೊಬ್ಬರಿಗೂ ಕುಂಕುಮವಿಟ್ಟು, ಎಲೆ ಅಡಿಕೆ ಕೈಗಿತ್ತು, ಕಿವಿಯಲ್ಲಿ ಏನೋ ಉಸುರಿದರು. "ಅಯ್ಯೋ ಶಿವನೇ, ಅವರಾ!" ಎಂದು ಅತ್ತೆ ಬಾಯಿ ಮುಚ್ಚಿಕೊಂಡರು. ವಿಭಾ ಕುಣಿದೇಬಿಟ್ಟಳು. ಮೆಹರುನ್ನೀಸಾ ಹೊಟ್ಟೆ ಹಿಡಿದು ನಕ್ಕು, "ನಮ್ಮನೆಯವ್ರೂ ತಪ್ಪು, ನೀವೂ ತಪ್ಪು, ಭಾಯ್‌ಸಾಬ್!" ಎಂದರು.

ಡಾಕ್ಟರೂ ಅಲ್ಲ, ಟೀಚರೂ ಅಲ್ಲ! ಮತ್ತೆ ಯಾರು? ಇಡೀ ವಿಮಾನಪುರದಲ್ಲಿ ಗೊತ್ತಿಲ್ಲದವನು ತಾನೊಬ್ಬನೇ ಎನಿಸಿ ರಾಯರಿಗೆ ಅಳುವೇ ಬಂತು. ಮೆಹರುನ್ನೀಸಾರ ಹಿಂದೆ ಸಾಲಿನಲ್ಲಿ ನಿಂತು, ಎರಡೂ ಕೈ ಚಾಚಿ, ಕಿವಿಯನ್ನೂ ಮುಂದೆ ಮಾಡಿದರು.

ಅನಸೂಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿಕೊಂಡರು.

"ಕೈ ಹಿಂದೆ ತಗೊಳ್ಳಿ. ನವರಾತ್ರಿ ತಾಂಬೂಲ ಗಂಡಸರಿಗೆ ಕೊಡೋ ಪದ್ಧತಿ ನಮ್ಮಲ್ಲಿಲ್ಲ!"